ಉತ್ತರ ಕನ್ನಡದ ಕರಾವಳಿಯಲ್ಲಿ ನೋಡಬೇಕಾದದ್ದು ಕಡಲತೀರವೋ, ನದಿಯ ಮೇಲ್ದಂಡೆಯೋ?

ಧಾರವಾಡದ ಓದುಗ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ತಂದೆ–ತಾಯಿಯನ್ನು ಕರೆದುಕೊಂಡು ಯಲ್ಲಾಪುರ, ಅರಬೈಲು ಘಟ್ಟದ ಮಾರ್ಗವಾಗಿ ಅಂಕೋಲೆಗೆ ಇಳಿದು, ಅಲ್ಲಿಂದ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯನ್ನು ನೋಡಿ ಬರಬೇಕೆಂದಿದ್ದೇನೆ. ತಾಯಿಯವರಿಗೆ ಗೋಕರ್ಣದ ದರ್ಶನ ಆಗಲೇಬೇಕು. ತಂದೆಯವರು ನಿವೃತ್ತ ಇತಿಹಾಸ ಶಿಕ್ಷಕರಾದ್ದರಿಂದ ಕೋಟೆ, ಬಸದಿ, ಶಾಸನ ಎಂದರೆ ಅವರಿಗೆ ಜೀವ. ಇಬ್ಬರಿಗೂ ಎಪ್ಪತ್ತು ದಾಟಿದೆ, ಆದರೂ ನಿಧಾನವಾಗಿ ನಡೆಯಬಲ್ಲರು. ಅಂತರ್ಜಾಲದಲ್ಲಿ ಹುಡುಕಿದಾಗಲೆಲ್ಲ ಓಂ ಬೀಚ್, ಮುರ್ಡೇಶ್ವರ, ನೇತ್ರಾಣಿಯ ಸ್ಕೂಬಾ, ದೇವಬಾಗದ ರೆಸಾರ್ಟ್ ಎಂಬ ಅದದೇ ಪಟ್ಟಿ ಎದುರಾಗುತ್ತದೆ. ಇತಿಹಾಸದ ದೃಷ್ಟಿಯಿಂದ ನಿಜವಾಗಿ ನೋಡತಕ್ಕ ಸ್ಥಳಗಳು ಯಾವುವು, ಅವನ್ನು ಯಾವ ಕ್ರಮದಲ್ಲಿ ನೋಡಬಹುದು ಎಂಬುದನ್ನು ಆ ಭಾಗದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಅಳಿವೆಯ ಅಂಚಿನಿಂದ

ನಾನು ಕುಮಟಾದವನು. ತಾವು ಕೇಳಿರುವ ಪ್ರಶ್ನೆಯನ್ನು ನಮ್ಮಲ್ಲಿಗೆ ಬರುವ ಪ್ರವಾಸಿಗರು ಕೇಳುವುದೇ ಅಪರೂಪವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಕಾರವಾರದ ಕಾಳಿ ಸೇತುವೆಯಿಂದ ಭಟ್ಕಳದವರೆಗೆ ಹೆದ್ದಾರಿ 66ರಲ್ಲಿ ಸುಮಾರು 130 ಕಿ.ಮೀ. ಆಗುತ್ತದೆ. ಈ ದಾರಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ನದಿಗಳನ್ನು ದಾಟುತ್ತೇವೆ. ಪ್ರವಾಸಿಗರು ಪ್ರತಿ ಸೇತುವೆಯ ಮೇಲೂ ಪಶ್ಚಿಮಕ್ಕೆ ತಿರುಗಿ ಸಮುದ್ರದ ಚಿತ್ರ ತೆಗೆಯುತ್ತಾರೆ. ಈ ಜಿಲ್ಲೆಯ ಚರಿತ್ರೆ ಇರುವುದು ಸೇತುವೆಯ ಇನ್ನೊಂದು ಬದಿಯಲ್ಲಿ. ಘಟ್ಟದ ಮೇಲಿನ ಕಾಳುಮೆಣಸು, ಅಕ್ಕಿ, ಅಡಿಕೆಗಳು ನದಿಯಲ್ಲಿ ದೋಣಿಯ ಮೂಲಕ ಇಳಿದು ಬರುತ್ತಿದ್ದವು. ಹಡಗುಗಳು ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಕಾಯುತ್ತಿದ್ದವು. ತೆರೆದ ಕಡಲಿಗೆ ಮೈಯೊಡ್ಡಿ ಊರು ಕಟ್ಟಿದರೆ ಮುಂಗಾರಿನ ಅಲೆಯೂ ಬಿಡುವುದಿಲ್ಲ, ಕಡಲ್ಗಳ್ಳರೂ ಬಿಡುವುದಿಲ್ಲ. ಆದ್ದರಿಂದಲೇ ಪೇಟೆ, ಕೋಟೆ, ರಾಜಧಾನಿ ಮೂರನ್ನೂ ಹಿಂದಿನವರು ನದಿಯ ಒಳಗೆ ಕಟ್ಟಿಕೊಂಡರು. ಹಾಗಾಗಿ ನನ್ನ ಸಲಹೆ ಇಷ್ಟೇ: ಕಡಲಿಗೆ ಬೆನ್ನು ಹಾಕಿ, ನದಿ ಹಿಡಿದು ಮೇಲಕ್ಕೆ ಹೋಗಿ.

ಮೊದಲಿಗೆ ಮಿರ್ಜಾನ ಕೋಟೆ. ಇದು ಕುಮಟಾದಿಂದ ಸುಮಾರು 11 ಕಿ.ಮೀ. ದೂರದಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ ಇರುವುದರಿಂದ ಹಿರಿಯರಿಗೆ ಅನುಕೂಲ. ಕೋಟೆ ಪೂರ್ತಿಯಾಗಿ ಚಿರೆಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು. ಹೊರಗೆ ಆಳವಾದ ಕಂದಕವಿದೆ. ದುಂಡನೆಯ ಬುರುಜುಗಳ ನಡುವೆ ಅಗಲವಾದ ಮೆಟ್ಟಿಲುಗಳು ಮಹಾದ್ವಾರಕ್ಕೆ ಏರುತ್ತವೆ. ಒಳಗಿನ ಕಟ್ಟಡಗಳಲ್ಲಿ ಈಗ ಉಳಿದಿರುವುದು ತಳಪಾಯದ ಗೆರೆಗಳು, ಬಾವಿಗಳು, ನೆಲದೊಳಗಿನ ದಾರಿಗಳು ಮಾತ್ರ. ಬಾವಿಯ ಒಳಗೋಡೆಯನ್ನು ಬಗ್ಗಿ ನೋಡಿದರೆ ಚಿರೆಕಲ್ಲನ್ನು ಗಾರೆಯ ಹಂಗಿಲ್ಲದೆ ಹೇಗೆ ಕೂರಿಸಿದ್ದಾರೆಂಬುದು ಕಾಣುತ್ತದೆ. ಕಲ್ಲಿನ ರಂಧ್ರಗಳಲ್ಲಿ ಜರಿಗಿಡಗಳು ಬೆಳೆದಿರುತ್ತವೆ. ಪಶ್ಚಿಮದ ಬುರುಜಿನ ಮೇಲೆ ನಿಂತು ಅಘನಾಶಿನಿಯ ಹಿನ್ನೀರಿನ ಕಡೆ ಕಣ್ಣು ಹಾಯಿಸಿದರೆ, ಕೋಟೆಯನ್ನು ಇಲ್ಲೇ ಏಕೆ ಕಟ್ಟಿದರೆಂದು ಯಾರೂ ವಿವರಿಸಬೇಕಾಗಿಲ್ಲ.

ಎರಡನೆಯದು ಗೇರುಸೊಪ್ಪ. ಅದರ ಬಗ್ಗೆ ಹೊನ್ನಾವರದವರು ಬರೆಯುವುದೇ ಹೆಚ್ಚು ಸೂಕ್ತ.

ಶಾಸನಪ್ರಿಯ

ಮೇಲಿನ ಅಭಿಪ್ರಾಯಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಮಿರ್ಜಾನಿನ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕೆನಿಸುತ್ತದೆ. ಅದನ್ನು ಕಟ್ಟಿಸಿದವಳು ಮೆಣಸಿನ ರಾಣಿ ಚೆನ್ನಭೈರಾದೇವಿ ಎಂಬ ಮಾತು ಎಲ್ಲೆಡೆ ಪ್ರಚಾರದಲ್ಲಿದೆ. ಗೇರುಸೊಪ್ಪೆಯ ಸಾಳುವ ಮನೆತನದ ಈ ರಾಣಿ 1552ರಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದಳೆಂಬುದೂ, ಪೋರ್ಚುಗೀಸರು ಆಕೆಯನ್ನು ತಮ್ಮ ಭಾಷೆಯಲ್ಲಿ ಮೆಣಸಿನ ರಾಣಿಯೆಂದೇ ಕರೆದರೆಂಬುದೂ ಪ್ರಸಿದ್ಧ. ಇಷ್ಟಾದರೂ ಇಂದು ನಿಂತಿರುವ ಕೋಟೆಯ ಬಹುಭಾಗ 17ನೆಯ ಶತಮಾನದ ಬಿಜಾಪುರದ ಅಧಿಕಾರಿ ಶರೀಫ್-ಉಲ್-ಮುಲ್ಕನ ಕಾಲದ್ದೆಂದು ಅಭಿಪ್ರಾಯಪಡುವವರಿದ್ದಾರೆ. ಅದಕ್ಕೂ ಹಿಂದೆ ಅಲ್ಲಿ ಕೋಟೆಯಿತ್ತೆನ್ನುವವರೂ ಇದ್ದಾರೆ. ಆಯಕಟ್ಟಿನ ಕೋಟೆಯನ್ನು ಕೈಗೆ ಬಂದವರೆಲ್ಲ ದುರಸ್ತಿ ಮಾಡಿಸಿ, ಹಿಗ್ಗಿಸಿ ಬಳಸುವುದು ವಾಡಿಕೆಯಾದ್ದರಿಂದ ಈ ಹೇಳಿಕೆಗಳಲ್ಲಿ ಒಂದನ್ನೇ ಹಿಡಿದು ಉಳಿದುದನ್ನು ತಳ್ಳಿಹಾಕಬೇಕಾಗಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2000–01ರ ಸುಮಾರಿಗೆ ನಡೆಸಿದ ಉತ್ಖನನದಲ್ಲಿ ಪೋರ್ಚುಗೀಸರ ಚಿನ್ನದ ನಾಣ್ಯ, ಫಿರಂಗಿ ಗುಂಡುಗಳು, ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿದವು. ಒಂದೇ ಆವರಣದಲ್ಲಿ ಇವೆಲ್ಲ ಸಿಕ್ಕಿರುವುದೇ ಆ ಕೋಟೆಯ ನಿಜವಾದ ಕಥೆ. ತಂದೆಯವರು ಇತಿಹಾಸ ಕಲಿಸಿದವರಾದ್ದರಿಂದ ಕಟ್ಟಿಸಿದವರ ಹೆಸರಿಗಿಂತ ಈ ಚೂರುಗಳಲ್ಲೇ ಅವರಿಗೆ ಹೆಚ್ಚು ಆಸಕ್ತಿ ಇರಬಹುದು.

ಹೊನ್ನಾವರದವಳು

ಗೇರುಸೊಪ್ಪದ ವಿಚಾರವನ್ನು ನನಗೆ ಬಿಟ್ಟಿದ್ದಕ್ಕೆ ಧನ್ಯವಾದ.

ಇಂದಿನ ಗೇರುಸೊಪ್ಪ ಹೊನ್ನಾವರದಿಂದ ಜೋಗದ ಕಡೆಗೆ ಸುಮಾರು 30 ಕಿ.ಮೀ. ಒಳಗೆ, ಘಟ್ಟದ ಬುಡದಲ್ಲಿದೆ. ಹಳೆಯ ರಾಜಧಾನಿ ಇದ್ದದ್ದು ಶರಾವತಿಯ ಎಡದಂಡೆಯ ಕಾಡಿನಲ್ಲಿ. ಆ ಜಾಗವನ್ನು ನಗರಬಸ್ತಿಕೇರಿ ಎನ್ನುತ್ತಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಇದೇ ನದಿಯಲ್ಲಿ ಮೇಲೇರಿ ಕೆಳದಿ ನಾಯಕರ ರಾಜಧಾನಿ ಇಕ್ಕೇರಿಗೆ ಹೋದನು. ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿ ರಾಣಿಯ ರಾಜ್ಯ ಮುಗಿದು ಆಗ ಬಹಳ ವರ್ಷಗಳೇನೂ ಆಗಿರಲಿಲ್ಲ. ಆದರೂ ನಗರ ಹಾಳುಬಿದ್ದು ಮರಗಿಡಗಳು ಆವರಿಸಿಕೊಂಡಿದ್ದವೆಂದು ಅವನು ಬರೆದಿದ್ದಾನೆ. ನಾವು ಇಂದು ನೋಡುವುದೂ ಹೆಚ್ಚುಕಡಿಮೆ ಅದನ್ನೇ.

ಚತುರ್ಮುಖ ಬಸದಿಯನ್ನು ಮಾತ್ರ ಅವಸರದಲ್ಲಿ ನೋಡಬೇಡಿ. ನಾಲ್ಕು ದಿಕ್ಕಿಗೂ ಬಾಗಿಲುಗಳಿದ್ದು, ಗರ್ಭಗೃಹದಲ್ಲಿ ನಾಲ್ವರು ತೀರ್ಥಂಕರರು ಒಬ್ಬರಿಗೊಬ್ಬರು ಬೆನ್ನು ಮಾಡಿ ನಾಲ್ಕೂ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದಾರೆ. ಬಾಗಿಲುಗಳ ಇಕ್ಕೆಲದ ದ್ವಾರಪಾಲಕರ ಆಭರಣಗಳನ್ನು ಹತ್ತಿರದಿಂದ ಗಮನಿಸಿ. ಪಾಚಿಯ ಕೆಳಗೂ ಉಳಿಯ ಗೆರೆ ಇನ್ನೂ ಚೂಪಾಗಿದೆ. ಮೇಲ್ಭಾಗ ಬಿದ್ದುಹೋಗಿದೆ. ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಇದರ ವಿನ್ಯಾಸ ತಟ್ಟನೆ ಗುರುತು ಸಿಗುತ್ತದೆ, ಆದರೆ ಅಲ್ಲಿ ಬಂಡೆಯ ಮೇಲೆ ಬಯಲಿನಲ್ಲಿ ಎದ್ದು ಕಾಣುವುದು ಇಲ್ಲಿ ಕಾಡಿನ ನೆರಳಿನಲ್ಲಿದೆ. ಸುತ್ತಮುತ್ತ ಪಾರ್ಶ್ವನಾಥ, ನೇಮಿನಾಥ, ವರ್ಧಮಾನ ಬಸದಿಗಳ ಅವಶೇಷಗಳಿವೆ. ಜ್ವಾಲಾಮಾಲಿನಿಯ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ದೂರದ ಜೈನ ಕುಟುಂಬಗಳು ಹರಕೆ ಹೊತ್ತು ಬರುತ್ತವೆ.

ಹಿರಿಯರಿದ್ದಾರೆ ಎಂಬ ಕಾರಣಕ್ಕೆ ಇದನ್ನು ಬಿಡಬೇಡಿ. ಊಟದ ಹೊತ್ತಿಗೆ ಹೊನ್ನಾವರಕ್ಕೆ ಮರಳುವಂತೆ ಬೆಳಗ್ಗೆ ಬೇಗ ಹೊರಡಿ. ಕಾಡುದಾರಿಯಲ್ಲಿ ಹೋಟೆಲ್ಲೂ ಇಲ್ಲ, ಶೌಚಾಲಯವೂ ಇಲ್ಲ; ಕುಡಿಯುವ ನೀರನ್ನು ಕೊಂಡೊಯ್ಯಬೇಕು. ಇದು ಸಿಂಗಳೀಕಗಳ ಅಭಯಾರಣ್ಯದ ಸೀಮೆಯೂ ಹೌದು, ಆದ್ದರಿಂದ ಕೋತಿಗಳಿಗೆ ತಿಂಡಿ ಎಸೆಯುವ ಅಭ್ಯಾಸವನ್ನು ದಯವಿಟ್ಟು ಅಲ್ಲಿ ತೋರಿಸಬೇಡಿ.

ಪ್ರವಾಸಿ ವಾಹನದವ

ನಾನು ಬಹಳ ವರ್ಷಗಳಿಂದ ಹುಬ್ಬಳ್ಳಿ ಕಡೆಯ ಪ್ರವಾಸಿಗರನ್ನು ಕರಾವಳಿಗೆ ಕರೆತರುತ್ತಿದ್ದೇನೆ. ಇಲ್ಲಿ ಬರೆಯುತ್ತಿರುವ ಹಿರಿಯರ ತಿಳಿವಳಿಕೆಯ ಬಗ್ಗೆ ಗೌರವವಿದೆ. ಆದರೆ ಮುರ್ಡೇಶ್ವರವನ್ನು ಹೀಗೆ ಪಕ್ಕಕ್ಕೆ ಸರಿಸುವುದು ನ್ಯಾಯವಲ್ಲ. 123 ಅಡಿಯ ಶಿವನ ಮೂರ್ತಿಯನ್ನೂ 20 ಅಂತಸ್ತಿನ ರಾಜಗೋಪುರವನ್ನೂ ಹಳೆಯದಲ್ಲ ಎಂಬ ಕಾರಣಕ್ಕೆ ಹೀಗಳೆಯುವವರಿದ್ದಾರೆ. ನನ್ನ ವಾಹನದಲ್ಲಿ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಕೇಳುವುದು ಅದನ್ನೇ. ಮಂಡಿನೋವಿನ ಅಜ್ಜಿಯೂ ಲಿಫ್ಟಿನಲ್ಲಿ ಗೋಪುರದ ಮೇಲೆ ಹೋಗಿ ಕಡಲನ್ನು ನೋಡಬಹುದು. ಕೋಟೆಯ ಮೇಲೆ ಅಂತಹ ಏರ್ಪಾಡು ಎಲ್ಲಿದೆ? ತಾಯಿಯವರು ದೇವಸ್ಥಾನಕ್ಕೆಂದೇ ಬರುವವರಾದರೆ ಅವರ ಇಷ್ಟವೂ ನಡೆಯಬೇಕಲ್ಲವೇ?

ಮತ್ತೊಂದು ವಿಷಯವನ್ನೂ ಹೇಳಿಬಿಡುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಜನ ಜೀವ ಕಳೆದುಕೊಂಡರು. ಅದರ ಮರು ತಿಂಗಳೇ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮಳೆಗಾಲದಲ್ಲಿ ಬರುತ್ತೇವೆ ಎನ್ನುವವರಿಗೆ ನಾನು ಈಗ ಖಂಡಿತವಾಗಿ ಬೇಡವೆನ್ನುತ್ತೇನೆ. ಡಿಸೆಂಬರ್ ಒಳ್ಳೆಯ ಕಾಲ, ಆದರೆ ವರ್ಷದ ಕೊನೆಯ ವಾರದಲ್ಲಿ ಗೋಕರ್ಣದ ರಸ್ತೆಯಲ್ಲಿ ವಾಹನಗಳು ಮಿಸುಕಾಡದಂತೆ ನಿಲ್ಲುತ್ತವೆ.

ಅಳಿವೆಯ ಅಂಚಿನಿಂದ

ಮುರ್ಡೇಶ್ವರಕ್ಕೆ ಹೋಗಬೇಡಿ ಎಂದು ನಾನು ಬರೆದಿಲ್ಲ. ಲಿಫ್ಟಿನ ಮಾತು ಮಾತ್ರ ನೂರಕ್ಕೆ ನೂರು ಸರಿ. ವಯಸ್ಸಾದವರಿಗೆ ಎತ್ತರದಿಂದ ಕರಾವಳಿಯನ್ನು ತೋರಿಸುವ ಅನುಕೂಲ ಜಿಲ್ಲೆಯಲ್ಲಿ ಬೇರೆಲ್ಲೂ ಅಷ್ಟು ಸುಲಭವಾಗಿ ಸಿಗದು. ಆದರೆ ಆ ಎತ್ತರದಿಂದ ಜನ ನೋಡುವುದು ಪಡುವಣವನ್ನು. ತಂದೆಯವರನ್ನು ಗೋಪುರದ ಪೂರ್ವದ ಕಿಟಕಿಗೆ ಕರೆದೊಯ್ಯಿರಿ. ಗದ್ದೆ, ತೆಂಗಿನ ತೋಟ, ಅದರ ಹಿಂದೆ ತಟ್ಟನೆ ಏಳುವ ಘಟ್ಟ ಕಾಣುತ್ತವೆ. ಕಡಲಿಗೂ ಘಟ್ಟಕ್ಕೂ ನಡುವೆ ಇರುವ ಜಾಗ ಎಷ್ಟು ಕಿರಿದು, ಸಣ್ಣ ಸಣ್ಣ ಮನೆತನಗಳು ಇಷ್ಟೇ ನೆಲದಲ್ಲಿ ಹೇಗೆ ಪೈಪೋಟಿ ನಡೆಸಿದವು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ನೀರಿಗಿಳಿಯುವ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. 2024ರ ಡಿಸೆಂಬರಿನಲ್ಲೇ ಮುರ್ಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಜೀವರಕ್ಷಕರು ಬೇಡವೆಂದ ಕಡೆ ಕಾಲಿಡಬಾರದು.

ಶಾಸನಪ್ರಿಯ

ಮುರ್ಡೇಶ್ವರದವರೆಗೆ ಹೋದವರು ಅಲ್ಲಿಂದಲೇ ಹಿಂದಿರುಗಿದರೆ ಅದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ. ಕೆಲವೇ ಕಿಲೋಮೀಟರು ಮುಂದೆ ಭಟ್ಕಳವಿದೆ. ವಿಜಯನಗರದ ಅರಸರಿಗೆ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. ಪೇಟೆಯ ಸಂದಿಗಳ ನಡುವೆ ಇರುವ ಖೇತಪೈ ನಾರಾಯಣ ದೇವಾಲಯವನ್ನು 16ನೆಯ ಶತಮಾನದಲ್ಲಿ ಕೊಂಕಣಿ ವರ್ತಕನೊಬ್ಬನು ಕಟ್ಟಿಸಿದನು. ಅದರ ಹೊರಗೋಡೆಯ ಮೇಲೆ ರಾಮಾಯಣದ ದೃಶ್ಯಗಳು ಅಂಗೈಯಗಲದ ಪಟ್ಟಿಕೆಗಳಲ್ಲಿ ಸಾಲಾಗಿ ಸಾಗುತ್ತವೆ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇನ್ನೊಂದು ಕಡೆಯಲ್ಲಿದೆ, ಮುಂದೆ ಏಕಶಿಲೆಯ ಮಾನಸ್ತಂಭ ನಿಂತಿದೆ. ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಇವುಗಳ ಚಾವಣಿಯನ್ನು ನೋಡದೆ ಬರಬೇಡಿ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ಬಯಲುಸೀಮೆಯ ಚಪ್ಪಟೆ ಚಾವಣಿ ನಡೆಯುವುದಿಲ್ಲ. ಆದ್ದರಿಂದ ಇಲ್ಲಿನ ಶಿಲ್ಪಿಗಳು ಮರದ ಮನೆಗೆ ಹಲಗೆ ಹೊದಿಸುವ ಕ್ರಮದಲ್ಲೇ ಉದ್ದುದ್ದ ಕಲ್ಲಿನ ಚಪ್ಪಡಿಗಳನ್ನು ಇಳಿಜಾರಾಗಿ ಜೋಡಿಸಿ, ಕೂಡುಗೆರೆಯ ಮೇಲೆ ಮತ್ತೊಂದು ಕಲ್ಲಿನ ಪಟ್ಟಿಯನ್ನು ಕೂರಿಸಿ, ನೀರು ಒಳಗಿಳಿಯದಂತೆ ಮಾಡಿದ್ದಾರೆ. ನಮ್ಮ ಪಠ್ಯಪುಸ್ತಕಗಳು ಬೇಲೂರು, ಹಳೇಬೀಡು, ಹಂಪಿಗಳನ್ನು ಮುಗಿಸುವಷ್ಟರಲ್ಲಿ ಪುಟ ಮುಗಿದುಹೋಗುವುದರಿಂದ ಕರಾವಳಿಯ ಈ ಜಾಣ್ಮೆಗೆ ಅಲ್ಲಿ ಜಾಗವೇ ಸಿಕ್ಕಿಲ್ಲ ಎಂಬುದು ನನ್ನ ಹಳೆಯ ದೂರು.

ಸಮಯ ಉಳಿದರೆ ಭಟ್ಕಳದಿಂದ ಒಳಗೆ ಹಾಡುವಳ್ಳಿಗೂ ಹೋಗಬಹುದು. ಶಾಸನಗಳ ಸಂಗೀತಪುರ ಇದೇ. ಇಪ್ಪತ್ನಾಲ್ಕು ತೀರ್ಥಂಕರರ ಬಸದಿಯಿರುವ ಈ ಪುಟ್ಟ ಊರಿನ ಜೈನ ಮಠದ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕನೇ 1604ರಲ್ಲಿ ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ವ್ಯಾಕರಣ ಬರೆದವನು. ಊರ ಮುಂದಿನ ಗದ್ದೆಗಳನ್ನು ನೋಡಿದರೆ ಇಲ್ಲೊಂದು ವಿದ್ಯಾಕೇಂದ್ರವಿತ್ತೆಂದು ನಂಬುವುದು ಕಷ್ಟ.

ಕಾಳಿ ತೀರ

ಇಷ್ಟೆಲ್ಲ ಬರೆದವರು ಕಾರವಾರವನ್ನು ಮರೆತೇಬಿಟ್ಟಿರಿ! ನದಿಯ ಒಳಗಿನ ಚರಿತ್ರೆ ಎಂಬ ಮಾತಿಗೆ ನಮ್ಮ ಕಾಳಿಯಲ್ಲೇ ಒಳ್ಳೆಯ ಸಾಕ್ಷಿಯಿದೆ. 1638ರಲ್ಲಿ ಇಂಗ್ಲಿಷರು ಕೋಠಿ ತೆರೆದ ಕಾಲದ ಕಾರವಾರ ಇಂದಿನ ಪಟ್ಟಣವಲ್ಲ. ಹಳೆಯ ಪೇಟೆ ನದಿಯ ದಂಡೆಯಲ್ಲಿ ಇನ್ನೂ ಪೂರ್ವಕ್ಕಿತ್ತು. ಕಡಲಿಗೆ ಮುಖ ಮಾಡಿದ ಈಗಿನ ಪಟ್ಟಣ ಬೆಳೆದದ್ದು 1862ರಲ್ಲಿ ಜಿಲ್ಲೆಯು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ.

ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಠಾಕೂರರು ಬಂದು ಉಳಿದಿದ್ದರು. ಕಡಲತೀರಕ್ಕೆ ಅವರ ಹೆಸರಿಟ್ಟಿರುವುದನ್ನು ಎಲ್ಲರೂ ಬಲ್ಲರು. ಆದರೆ ಅವರು ತಮ್ಮ ನೆನಪಿನ ಬರಹದಲ್ಲಿ ಬಣ್ಣಿಸಿರುವುದರಲ್ಲಿ ಬೆಳುದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲ್ದಿಕ್ಕಿಗೆ ಸಾಗಿ, ದಾರಿಯಲ್ಲಿ ಹಳೆಯ ಗುಡ್ಡದ ಕೋಟೆಯೊಂದನ್ನು ನೋಡಿದ ಪ್ರಸಂಗವೂ ಇದೆ. ಕವಿಯೂ ನದಿಯನ್ನೇ ಹಿಡಿದಿದ್ದರು ನೋಡಿ.

ನದಿಯ ಉತ್ತರ ದಂಡೆಯ ಸದಾಶಿವಗಡವನ್ನು ಹೆದ್ದಾರಿಗಾಗಿ ಕಡಿದಿದ್ದಾರೆ. ಉಳಿದಿರುವ ಗುಡ್ಡದ ಮೇಲಿಂದ ಅಳಿವೆ ಚೆನ್ನಾಗಿ ಕಾಣುತ್ತದೆ. ಕಡಲತೀರದಲ್ಲಿ ನೌಕಾಪಡೆಯ ನಿವೃತ್ತ ಕ್ಷಿಪಣಿ ದೋಣಿ ಚಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ, ಅದರ ಪಕ್ಕದಲ್ಲಿ ಈಚೆಗೆ ಟುಪೊಲೆವ್ ವಿಮಾನವೂ ಬಂದಿದೆ. ದೋಣಿಯೊಳಗಿನ ಏಣಿಗಳು ಕಡಿದಾಗಿರುವುದರಿಂದ ಹಿರಿಯರು ಹೊರಗಿನಿಂದ ನೋಡಿದರೆ ಸಾಕು.

ಹೊನ್ನಾವರದವಳು

ಅಂಕೋಲೆಗೇ ಮೊದಲು ಇಳಿಯುವವರಿಗೆ ಒಂದು ಮಾತು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕದ ಜನ ಸೇರಿದ್ದು ಅಂಕೋಲೆಯಲ್ಲಿ, ಮುಂದಾಳಾಗಿದ್ದವರು ಎಂ. ಪಿ. ನಾಡಕರ್ಣಿಯವರು. ಅನಂತರ ಕರನಿರಾಕರಣೆಯಲ್ಲಿ ಈ ತಾಲೂಕಿನ ರೈತರು ಹೊಲಮನೆಗಳನ್ನೇ ಕಳೆದುಕೊಂಡರು. ಆ ನೆನಪಿನ ಭವನ ಪಟ್ಟಣದಲ್ಲಿದೆ. ಅಲ್ಲಿಂದ ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನ ಆಗರಗಳು ಸಿಗುತ್ತವೆ. ಎರಡನ್ನೂ ಒಂದೇ ದಿನ ನೋಡಿದರೆ ಉಪ್ಪಿನ ಮೇಲಿನ ಕರ ಈ ಜನಕ್ಕೆ ಏಕೆ ಅಷ್ಟು ಉರಿಯಿತೆಂಬುದು ತಾನಾಗಿ ಅರ್ಥವಾಗುತ್ತದೆ. ಡಿಸೆಂಬರಿನಲ್ಲಿ ಆಗರಗಳಲ್ಲಿ ಉಪ್ಪಿನ ರಾಶಿಯನ್ನು ನಿರೀಕ್ಷಿಸಬೇಡಿ, ಉಪ್ಪು ತೆಗೆಯುವುದು ಬಿಸಿಲು ಬಲಿತ ಮೇಲೆ.

ನಮ್ಮ ಹೊನ್ನಾವರದ ಬಗ್ಗೆ ಬರೆಯಲು ನನಗೇ ಸಂಕೋಚ. 14ನೆಯ ಶತಮಾನದಲ್ಲಿ ಬಂದಿದ್ದ ಇಬ್ನ್ ಬತೂತ ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದನು. 1569ರಲ್ಲಿ ಪೋರ್ಚುಗೀಸರು ಊರನ್ನು ಹಿಡಿದು ಕೋಟೆ ಮಾಡಿಕೊಂಡರು. ಅಷ್ಟು ದೊಡ್ಡ ಹೆಸರಿನ ಊರಿನಲ್ಲಿ ಇಂದು ಬೆರಳು ಮಾಡಿ ತೋರಿಸಲು ಹೆಚ್ಚೇನೂ ಉಳಿದಿಲ್ಲ. ಕಡಲ ನಡುವಿನ ಬಸವರಾಜದುರ್ಗದ ನಡುಗಡ್ಡೆಯಲ್ಲಿ ಚಿರೆಕಲ್ಲಿನ ಕೋಟೆಗೋಡೆಯಿದೆ, ಆದರೆ ದೋಣಿಯಿಂದ ಇಳಿದು ಬಂಡೆ ಹತ್ತುವುದು ಎಪ್ಪತ್ತು ದಾಟಿದವರ ಕೆಲಸವಲ್ಲ. ಅದರ ಬದಲಿಗೆ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗಿನ ಮರದ ಹಾಸಿನ ದಾರಿಯಲ್ಲಿ ಸಂಜೆ ನಡೆದಾಡಬಹುದು.

ಧಾರವಾಡದ ಓದುಗ

ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ಎಲ್ಲವನ್ನೂ ತಂದೆಯವರಿಗೆ ಓದಿ ಹೇಳಿದೆ. ಗೇರುಸೊಪ್ಪವನ್ನು ಬಿಡುವ ಪ್ರಶ್ನೆಯೇ ಇಲ್ಲವೆಂದರು; ತಾಯಿಯವರು ಮುರ್ಡೇಶ್ವರದ ಪರವಾಗಿ ಬರೆದವರಿಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ. ಅಂಕೋಲೆ, ಸಾಣಿಕಟ್ಟೆ, ಗೋಕರ್ಣ, ಆಮೇಲೆ ಮಿರ್ಜಾನ, ಹೊನ್ನಾವರದಲ್ಲಿ ತಂಗಿ ಗೇರುಸೊಪ್ಪ, ಕೊನೆಗೆ ಮುರ್ಡೇಶ್ವರ ಮತ್ತು ಭಟ್ಕಳ ಎಂದು ಕ್ರಮ ಹಾಕಿದ್ದೇನೆ. ಕಾರವಾರವನ್ನು ಮುಂದಿನ ಸಲಕ್ಕೆ ಉಳಿಸಿಕೊಳ್ಳುತ್ತೇವೆ, ಕಾಳಿ ತೀರದವರು ಬೇಸರಿಸಬಾರದು. ಯಾಣವನ್ನು ಇದರಲ್ಲಿ ಸೇರಿಸಬಹುದೇ? ಮತ್ತು ಗೋಕರ್ಣದಿಂದ ಕುಮಟಾ ಕಡೆಗೆ ಹೆದ್ದಾರಿ ಬಿಟ್ಟು ಬೇರೆ ದಾರಿ ಇದೆಯೇ?

ಅಳಿವೆಯ ಅಂಚಿನಿಂದ

ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಎಂಬ ಗಾದೆ ನಮ್ಮಲ್ಲಿದೆ. ಈಗ ಯಾಣದ ಬಂಡೆಗಳ ಹತ್ತಿರದವರೆಗೂ ವಾಹನ ಹೋಗುವುದರಿಂದ ಸೊಕ್ಕು ಅಷ್ಟೇನೂ ಬೇಕಾಗಿಲ್ಲ. ಆದರೂ ಕೊನೆಯ ನಡಿಗೆ ಮತ್ತು ಮೆಟ್ಟಿಲುಗಳಿವೆ, ಅರ್ಧ ದಿನ ಅದಕ್ಕೇ ಹೋಗುತ್ತದೆ. ನಿಮ್ಮ ಕ್ರಮ ಚೆನ್ನಾಗಿದೆ, ಅದನ್ನು ತುಂಬಬೇಡಿ.

ಬೇರೆ ದಾರಿ ಇದೆ. ಗೋಕರ್ಣದ ದಕ್ಷಿಣಕ್ಕೆ ತದಡಿ ಬಂದರಿನಿಂದ ಎದುರು ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಬಹುದು. ದೋಣಿಯ ಸಮಯವನ್ನು ತದಡಿಯಲ್ಲೇ ವಿಚಾರಿಸಿಕೊಳ್ಳಿ. ನೀರು ಇಳಿದ ಹೊತ್ತಿಗೆ ಹೋದರೆ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕುವವರು ಕಾಣುತ್ತಾರೆ. ಈ ಅಳಿವೆಯ ಒಳಭಾಗದ ಗಜನಿ ಎಂಬ ತಗ್ಗಿನ ಉಪ್ಪುನೀರ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ, ಅದು ಸೀಗಡಿ, ಮೀನುಗಳಿಗೆ ಮೇವಾಗುತ್ತದೆ. ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಮಿರ್ಜಾನದ ಬುರುಜಿನಿಂದ ತಂದೆಯವರು ನೋಡಲಿರುವುದು ಇದೇ ನೀರಿನ ಮೇಲ್ಭಾಗವನ್ನು. ವಾಹನವನ್ನು ಚಾಲಕರ ಜೊತೆ ಹೆದ್ದಾರಿಯಲ್ಲಿ ಸುತ್ತಿಸಿ ಕುಮಟಾಕ್ಕೆ ಕಳಿಸಿ, ನೀವು ಮೂವರು ದೋಣಿಯಲ್ಲಿ ದಾಟಿದರೆ ಅಘನಾಶಿನಿ ಊರಿನಿಂದ ಕುಮಟಾಕ್ಕೆ ಆಟೊ ಸಿಗುತ್ತದೆ.

ಪ್ರವಾಸಿ ವಾಹನದವ

ಚಾಲಕನನ್ನು ಸುತ್ತಿಸಿ ಕಳಿಸುವುದಾದರೆ ಅವನಿಗೆ ಗೋಕರ್ಣದಲ್ಲೇ ಊಟ ಮುಗಿಸಲು ಹೇಳಿ. ಬಾಡಿಗೆ ಮಾತಾಡುವಾಗ ಗೇರುಸೊಪ್ಪದ ಕಾಡುದಾರಿಯನ್ನೂ ಮೊದಲೇ ತಿಳಿಸಿಬಿಡಿ. ಬಸದಿಯ ಕಡೆಯ ರಸ್ತೆಗೆ ತಗ್ಗಿನ ಕಾರು ಬೇಡ, ಸ್ವಲ್ಪ ಎತ್ತರದ ಗಾಡಿ ಇರಲಿ.